ಶಾಂತಲೆಯನ್ನು ಚಿತ್ರಕ್ಕಿಳಿಸುವ ಮುನ್ನ

ಕೆ.ವಿ. ಅಯ್ಯರ್ ಅವರ ‘ಶಾಂತಲಾ’ದಂಥ ಐತಿಹಾಸಿಕ ಪ್ರೇಮಕಾದಂಬರಿಯನ್ನು ಗ್ರಾಫಿಕ್ ಕಾದಂಬರಿ ಮಾಡುವ ಆಸೆ ಇದೆಯೇ? ಮೊದಲು ಬೇಲೂರಿಗೆ ಹೋಗಿಬನ್ನಿ. ಒಡವೆ, ತುರುಬು, ವಾದ್ಯ ಎಲ್ಲವೂ ಮದನಿಕೆ ಶಿಲ್ಪಗಳ ಮೈಮೇಲೆ, ಗುಡಿಯ ಗೋಡೆಗಳ ಮೇಲೆ ಸಿಗುತ್ತವೆ. ಹಾಗಂತ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದುಬಿಡಬೇಡಿ. ಆ ಗುಡಿಯಲ್ಲಿ ದೇವರ ಪ್ರತಿಷ್ಠೆಯಾದದ್ದು 1117ರಲ್ಲಿ. ಇವತ್ತು ಎದುರಿಗೆ ಕಾಣುವ ರಾಜಗೋಪುರ ವಿಜಯನಗರ ಕಾಲದ್ದು. ಅದರ ನೆರಳಲ್ಲಿ ರಾಣಿ ಶಾಂತಲೆ, ರಾಜ ವಿಷ್ಣುವರ್ಧನರನ್ನು ನಿಲ್ಲಿಸಿದಿರೋ, ಕೆಟ್ಟಿತು. ಅರಮನೆಯ ಅಡುಗೆಮನೆಯಲ್ಲಿ ಮೆಣಸಿನಕಾಯಿಯೂ ಬೇಡ, ಅದು ಪೋರ್ಚುಗೀಸರ ಜೊತೆ ಬಂದದ್ದು, ಕಾಳುಮೆಣಸು ಇರಲಿ.

ಪ್ರೇಮದ ವಿಷಯಕ್ಕೆ ಬಂದರೆ, ಕಾದಂಬರಿಕಾರರು ಪುಟಗಟ್ಟಲೆ ಬಣ್ಣಿಸುವುದನ್ನು ಮಾತಿನ ಗುಳ್ಳೆಗೆ ತುರುಕಬೇಡಿ. ಅವಳ ಗೆಜ್ಜೆಕಾಲು ಒಂದು ಚೌಕದಲ್ಲಿ, ಅವನು ತಿರುಗಿ ನೋಡಿದ್ದು ಇನ್ನೊಂದರಲ್ಲಿ. ಅಷ್ಟು ಸಾಕು. ಮಾತು ಇರುವಲ್ಲಿ ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬಿಡಿ. ಇಂಗ್ಲಿಷ್ ಕಾಮಿಕ್ಸಿನ ಅಳತೆ ನಮ್ಮ ಲಿಪಿಗೆ ಹೊಂದುವುದಿಲ್ಲ.

ಇನ್ನೊಂದು ಮಾತು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಕ್ಕುದಾರರ ಲಿಖಿತ ಒಪ್ಪಿಗೆ ಕೈಗೆ ಬರುವ ತನಕ ಮೊದಲ ಪುಟಕ್ಕೂ ಶಾಯಿ ಹಚ್ಚಬೇಡಿ.