ಹಳೆಯ ಬೆಳಕು ತಂದ ಸುದ್ದಿ

ಅಮಾವಾಸ್ಯೆಯ ರಾತ್ರಿ. ಕಲಿಕಾ ಕೇಂದ್ರದಲ್ಲಿ ಪಾಠ ಮುಗಿದಿತ್ತು. ನಾವೆಲ್ಲ ಅಂಗಳಕ್ಕೆ ಬಂದೆವು. ಆಕಾಶದ ತುಂಬ ಚುಕ್ಕಿಗಳು. ನಡುವೆ ಹಾಲು ಚೆಲ್ಲಿದ ಹಾಗೆ ಒಂದು ಬಿಳಿ ಪಟ್ಟೆ. ಅದೇ ಆಕಾಶಗಂಗೆ.

ಆಕಾಶಗಂಗೆ ಎಂದರೆ ಕೋಟಿ ಕೋಟಿ ನಕ್ಷತ್ರಗಳ ಊರು. ನಮ್ಮ ಸೂರ್ಯನೂ ಈ ಊರಿನವನೇ. ಇಂಥ ನಕ್ಷತ್ರಗಳ ಊರಿಗೆ ಗೆಲಾಕ್ಸಿ ಎನ್ನುತ್ತಾರೆ. ಆಕಾಶದಲ್ಲಿ ಇಂಥ ಗೆಲಾಕ್ಸಿಗಳು ಬಹಳ ಇವೆ. ಕೆಲವು ಕಡೆ ಅವು ಗುಂಪಾಗಿ ಇವೆ. ಕನ್ಯಾ ರಾಶಿಯ ದಿಕ್ಕಿನ ಒಂದು ಗುಂಪಿನಲ್ಲಿ ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳಿವೆ.

“ಅಷ್ಟು ದೂರ ಯಾರು ಹೋಗಿ ನೋಡಿ ಬಂದ್ರು? ನಾವು ಹ್ಯಾಗೆ ನಂಬೋದು?” ಒಬ್ಬ ಅಕ್ಕ ಕೇಳಿದರು.

ಒಳ್ಳೆಯ ಪ್ರಶ್ನೆ. ಯಾರೋ ಹೇಳಿದರು ಎಂದು ನಾವು ನಂಬಬಾರದು. ಹೇಗೆ ತಿಳಿಯಿತು ಎಂದು ಕೇಳಬೇಕು.

ಅಲ್ಲಿಗೆ ಯಾರೂ ಹೋಗಿಲ್ಲ. ಅಲ್ಲಿಂದ ಬೆಳಕು ಬರುತ್ತದೆ. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಸೂರ್ಯನಿಂದ ಇಲ್ಲಿಗೆ ಬರಲು 8 ನಿಮಿಷ ಬೇಕು. ಕನ್ಯಾ ಗುಂಪಿನಿಂದ ಬರಲು 5 ಕೋಟಿ ವರ್ಷಕ್ಕೂ ಹೆಚ್ಚು ಬೇಕು!

ತವರಿನಿಂದ ಕಾಗದ ಬಂತು ಅನ್ನಿ. “ಮಗು ಅಂಬೆಗಾಲಿಡುತ್ತಿದೆ” ಎಂದು ಬರೆದಿದೆ. ಆದರೆ ಕಾಗದ ಆರು ತಿಂಗಳು ತಡವಾಗಿ ಬಂದಿದೆ. ಈಗ ಆ ಮಗು ಓಡಾಡುತ್ತಿರಬಹುದು, ಅಲ್ಲವೇ? ಕಾಗದ ಹೇಳುವುದು ಬರೆದ ದಿನದ ಸುದ್ದಿ. ಬೆಳಕು ಹೇಳುವುದೂ ಅದು ಹೊರಟ ದಿನದ ಸುದ್ದಿ.

1978ರಲ್ಲಿ ಬುಚರ್ ಮತ್ತು ಓಮ್ಲರ್ ಎಂಬ ವಿಜ್ಞಾನಿಗಳು ಬಹು ದೂರದ ಎರಡು ಗುಂಪುಗಳ ವಿಷಯ ತಿಳಿಸಿದರು. ಆ ಬೆಳಕು ಹೊರಟು 400 ಕೋಟಿ ವರ್ಷಕ್ಕೂ ಹೆಚ್ಚಾಗಿತ್ತು. ಆ ಗುಂಪುಗಳಲ್ಲಿ ನೀಲಿ ಗೆಲಾಕ್ಸಿಗಳು ಬಹಳ ಇದ್ದವು. ಹತ್ತಿರದ ದೊಡ್ಡ ಗುಂಪುಗಳಲ್ಲಿ ಕೆಂಪು ಗೆಲಾಕ್ಸಿಗಳೇ ಹೆಚ್ಚು. ಅಂದರೆ ಕಾಲ ಕಳೆದಂತೆ ಗೆಲಾಕ್ಸಿಗಳು ಬದಲಾಗಿವೆ. 1990ರಲ್ಲಿ ಹಬಲ್ ಎಂಬ ದುರ್ಬೀನನ್ನು ಆಕಾಶಕ್ಕೆ ಕಳಿಸಿದರು. ಆ ನೀಲಿ ಗೆಲಾಕ್ಸಿಗಳಲ್ಲಿ ಹಲವು ಸುರುಳಿ ಆಕಾರದವು ಎಂದು ಅದರ ಚಿತ್ರಗಳಿಂದ ಗೊತ್ತಾಯಿತು.

ನೀಲಿ ಹೋಗಿ ಕೆಂಪು ಯಾಕೆ ಬಂತು?

ಮೊದಲು ಅನಿಲ ಅಲ್ಲಲ್ಲಿ ಒಟ್ಟುಗೂಡಿತು. ಅದರಿಂದ ನಕ್ಷತ್ರಗಳು ಹುಟ್ಟಿದವು. ಗೆಲಾಕ್ಸಿ ಆಯಿತು. ದೊಡ್ಡ ನಕ್ಷತ್ರಗಳು ನೀಲಿಯಾಗಿ ಉರಿಯುತ್ತವೆ. ಅವುಗಳ ಆಯಸ್ಸು ಕಡಿಮೆ. ಸಣ್ಣ ಕೆಂಪು ನಕ್ಷತ್ರಗಳು ಬಹಳ ಕಾಲ ಬಾಳುತ್ತವೆ.

ಗುಂಪಿನ ನಡುವೆ ತುಂಬ ಬಿಸಿಯಾದ ಅನಿಲ ಇರುತ್ತದೆ. ಗೆಲಾಕ್ಸಿ ಅದರೊಳಗೆ ವೇಗವಾಗಿ ನುಗ್ಗುತ್ತದೆ. ಆಗ ಏನಾಗುತ್ತದೆ? ನಾವು ಕಣದಲ್ಲಿ ರಾಗಿ ತೂರುತ್ತೇವೆ. ಕಾಳು ಉಳಿಯುತ್ತದೆ, ಹೊಟ್ಟು ಹಾರುತ್ತದೆ. ಹಾಗೆಯೇ ನಕ್ಷತ್ರಗಳು ಉಳಿಯುತ್ತವೆ, ಗೆಲಾಕ್ಸಿಯ ಅನಿಲ ಹಾರಿಹೋಗುತ್ತದೆ. ಅನಿಲ ಇಲ್ಲದೆ ಹೊಸ ನಕ್ಷತ್ರ ಹುಟ್ಟುವುದಿಲ್ಲ. ನೀಲಿ ನಕ್ಷತ್ರಗಳು ಸಾಯುತ್ತವೆ. ಕೆಂಪು ಉಳಿಯುತ್ತದೆ. ಕೆಲವು ಗೆಲಾಕ್ಸಿಗಳು ಒಂದರೊಳಗೊಂದು ಸೇರಿ ದೊಡ್ಡದೂ ಆಗುತ್ತವೆ.

ಪ್ರಶ್ನೆ ಕೇಳಿದ ಅಕ್ಕ ಮತ್ತೆ ಮೇಲೆ ನೋಡಿದರು. “ಹಾಗಾದ್ರೆ ಬೆಳಕನ್ನೂ ಓದಬಹುದು” ಎಂದರು.

ಹೌದು. ಓದಲು ಕಲಿತರೆ ಬೆಳಕೂ ಒಂದು ಕಾಗದವೇ.

ಓದಿ, ಮಾತಾಡಿ:
1. ಗೆಲಾಕ್ಸಿ ಎಂದರೇನು?
2. ದೂರದ ಬೆಳಕು ಯಾವ ಕಾಲದ ಸುದ್ದಿ ಹೇಳುತ್ತದೆ?
3. ಅನಿಲ ಹಾರಿಹೋದರೆ ಗೆಲಾಕ್ಸಿಗೆ ಏನಾಗುತ್ತದೆ?
4. “ಹೇಗೆ ತಿಳಿಯಿತು?” ಎಂದು ನೀವು ಯಾವಾಗ ಕೇಳಿದ್ದೀರಿ? ಎರಡು ಸಾಲು ಬರೆಯಿರಿ.