ರಕ್ಷೆ ಕೂಡಿಡುವವರು ತಾರೀಖು ನೋಡಿ ಹೊರಡಿ

ಜಪಾನಿನ ಗುಡಿಗಳ 'ಒಮಾಮೊರಿ' ರಕ್ಷೆಗಳನ್ನು ಕೂಡಿಡುವ ಆಸೆಯೇ? ಹಾಗಿದ್ದರೆ ಮೊದಲು ಹಬ್ಬದ ದಿನಗಳನ್ನು ತಿಳಿದುಕೊಳ್ಳಿ. ವರ್ಷವಿಡೀ ಸಿಗುವ ಜರಿಬಟ್ಟೆಯ ಚೀಲಗಳೂ ಚೆಂದವೇ. ಆದರೆ ನಿಜವಾದ ಸೊಗಸಿರುವುದು ಋತುವಿಗೆ ಕಟ್ಟುಬಿದ್ದವುಗಳಲ್ಲಿ. ಟೋಕಿಯೊದ ಕಮೆಯಿದೊ ತೆನ್‌ಜಿನ್ ಗುಡಿಯಲ್ಲಿ ಜನವರಿ 24 ಮತ್ತು 25ರಂದು ಮರದಲ್ಲಿ ಕೆತ್ತಿದ ಪುಟ್ಟ ಹಕ್ಕಿ ಸಿಗುತ್ತದೆ. ಭಕ್ತರು ಕಳೆದ ವರ್ಷದ ಹಕ್ಕಿಯನ್ನು ಒಪ್ಪಿಸಿ ಹೊಸದನ್ನು ಒಯ್ಯುತ್ತಾರೆ. ಹಳೆಯ ಕೆಡುಕೂ ಅದರೊಡನೆ ಕಳೆಯಿತೆಂಬುದು ಅವರ ನಂಬಿಕೆ. ನನಗಂತೂ ಇದಕ್ಕಿಂತ ಮುದ್ದಾದ ರಕ್ಷೆ ಇನ್ನೊಂದಿಲ್ಲ. ಅಸಾಕುಸಾದ ಸೆನ್ಸೋಜಿಯಲ್ಲಿ ಸಿಡಿಲಿನಿಂದ ಕಾಯುವ ತ್ರಿಕೋನಾಕಾರದ ರಕ್ಷೆ ಬೇಕಾದರೆ ಜುಲೈ 9 ಅಥವಾ 10ರಂದೇ ಹೋಗಬೇಕು. ಅದೇ ತಿಂಗಳು ಕ್ಯೋಟೊದ ಗಿಯೋನ್ ಉತ್ಸವದಲ್ಲಿ ಎಲೆ ಸುತ್ತಿದ 'ಚಿಮಾಕಿ' ಸಿಗುತ್ತದೆ. ಕಡುಬಿನಂತೆ ಕಂಡರೂ ಒಳಗೆ ತಿನಿಸಿರುವುದಿಲ್ಲ, ಅದನ್ನು ಮನೆಬಾಗಿಲ ಮೇಲೆ ತೂಗುಹಾಕುತ್ತಾರೆ.

ಮೊದಲು ದೇವರಿಗೆ ಕೈಮುಗಿದು, ಆಮೇಲೆ ರಕ್ಷೆ ಪಡೆಯಿರಿ. ಚೌಕಾಸಿ ಮಾಡಬೇಡಿ, ಚೀಲದ ಗಂಟು ಬಿಚ್ಚಬೇಡಿ. ರೂಢಿಯಂತೆ ವರ್ಷ ತುಂಬಿದ ರಕ್ಷೆಯನ್ನು ಪಡೆದ ಗುಡಿಗೇ ಮರಳಿಸಬೇಕು. ಅಲ್ಲಿ ಅದನ್ನು ವಿಧಿಪೂರ್ವಕವಾಗಿ ಸುಡುತ್ತಾರೆ. ನೆನಪಿಗೆಂದು ಇಟ್ಟುಕೊಳ್ಳುವುದಾದರೆ ಶುಚಿಯಾದ ಎತ್ತರದ ಜಾಗದಲ್ಲಿಡಿ, ಕಸದ ಬುಟ್ಟಿಗಂತೂ ದಯವಿಟ್ಟು ಹಾಕಬೇಡಿ.