ಗಂಧದ ಮರದ ತೂತು ಯಾವ ಹುಳುವಿನದು?
ಮರ ಕೊರೆಯುವ ಪತಂಗಗಳ ಕುಟುಂಬ ಪರಿಚಯ

ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಊರು ಸೊರಬ. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಸ್ವಂತ ಜಮೀನಿನಲ್ಲಿ ಬೆಳೆದ ಗಂಧಕ್ಕೆ ಜಮೀನುದಾರನೇ ಒಡೆಯ. ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಹೀಗಾಗಿ ತೋಟದ ಅಂಚಿನಲ್ಲೂ ಖುಷ್ಕಿ ಜಮೀನಿನಲ್ಲೂ ಗಂಧ ನೆಡುವ ರೈತರುಂಟು. ಬೆಲೆ ಇರುವುದು ಒಳಗಿನ ಚೇಗಿಗೆ. ಅದು ಸರಿಯಾಗಿ ಕೂಡಿಕೊಳ್ಳಲು ಹತ್ತಾರು ವರ್ಷ ಕಾಯಬೇಕು. ಇಷ್ಟು ಕಾದ ಮೇಲೆ ಮರದ ನಡುವೆ ಬೆರಳು ಹೋಗುವಷ್ಟು ಸುರಂಗ ಕಂಡರೆ ಆ ತುಂಡು ಕೆತ್ತನೆಗೆ ಬಾರದು.

ಕಾಂಡದಲ್ಲಿ ತೂತು ಕಂಡ ಕೂಡಲೇ "ಕೊರಕ ಬಿದ್ದಿದೆ" ಎಂದು ಅಂಗಡಿಯಿಂದ ಔಷಧಿ ತಂದು ಮರದ ಮೇಲೆಲ್ಲ ಸಿಂಪಡಿಸುವುದು ರೂಢಿ. ಇದರಿಂದ ಹಣ ಹೋಗುತ್ತದೆ, ಹುಳು ಸಾಯುವುದಿಲ್ಲ. ಮರ ಕೊರೆಯುವ ಹುಳುಗಳಲ್ಲಿ ಹಲವು ಕುಟುಂಬಗಳಿವೆ. ಕೆಲವು ಒಳಗೇ ಇದ್ದು ಮರವನ್ನು ತಿನ್ನುತ್ತವೆ, ಕೆಲವು ತೂತನ್ನು ಮನೆ ಮಾಡಿಕೊಂಡು ಹೊರಗೆ ಬಂದು ತೊಗಟೆ ತಿನ್ನುತ್ತವೆ. ಯಾವ ಕುಟುಂಬವೆಂದು ತಿಳಿದರೆ ಹುಳು ಎಲ್ಲಿದೆ, ಅದನ್ನು ಎಲ್ಲಿ ಹಿಡಿಯಬೇಕು ಎಂಬುದೂ ತಿಳಿಯುತ್ತದೆ.

ಕಾಸಿಡೇ ಕುಟುಂಬ

ಚಿಟ್ಟೆ, ಪತಂಗಗಳೆಲ್ಲ ಸೇರಿದ ಗಣಕ್ಕೆ ಲೆಪಿಡಾಪ್ಟೆರಾ ಎಂದು ಹೆಸರು. ರೆಕ್ಕೆಯ ಮೇಲೆ ಹುರುಪೆಗಳಿರುವ ಕೀಟಗಳು ಎಂದರ್ಥ. ಈ ಗಣದಲ್ಲಿ ಮರ ಕೊರೆಯುವುದಕ್ಕೇ ಹೆಸರಾದದ್ದು ಕಾಸಿಡೇ ಕುಟುಂಬ. ಯುರೋಪಿನ ಕಾಸಸ್ ಕಾಸಸ್ ಎಂಬ ಪತಂಗವನ್ನು ಲಿನೇಯಸ್ 1758ರಲ್ಲಿಯೇ ಹೆಸರಿಸಿ ವರ್ಣಿಸಿದ್ದನು. ಅದರ ಮರಿಹುಳು ಹೋತದಂತೆ ನಾರುವುದರಿಂದ ಅಲ್ಲಿನವರು ಅದನ್ನು ಆಡಿನ ಪತಂಗ ಎನ್ನುತ್ತಾರೆ. ಜಗತ್ತಿನಲ್ಲಿ ಈ ಕುಟುಂಬದ ನೂರಾರು ಪ್ರಭೇದಗಳಿವೆ. ಬರ್ಮಾದ ತೇಗವನ್ನು ಜೇನುಗೂಡಿನಂತೆ ತೂತು ಮಾಡುವ ಹುಳು ಇದರದೇ ಸದಸ್ಯ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಬೇರಿನಿಂದ ಅಗೆದು ಸುಟ್ಟು ತಿನ್ನುವ ದಪ್ಪ ಬಿಳಿ ಹುಳುವೂ ಇದೇ ಮನೆತನದ್ದು. ಒಬ್ಬರಿಗೆ ಪೀಡೆಯಾದದ್ದು ಮತ್ತೊಬ್ಬರಿಗೆ ಊಟ!

ಗಂಧಕ್ಕೆ ಬೀಳುವ ಕೆಂಪು ಕೊರಕವು ಈ ಕುಟುಂಬಕ್ಕೆ ಸೇರಿದೆ. ಸಿಂಹಳದ ಕಾಫಿ ಬೆಳೆಗಾರ ನೀಟ್ನರ್ 1861ರಲ್ಲಿ ಕಾಫಿ ಗಿಡದ ಶತ್ರುಗಳನ್ನು ಕುರಿತು ಬರೆಯುವಾಗ ಇದಕ್ಕೆ ಝೂಜೆರಾ ಕಾಫಿಯೇ ಎಂದು ಹೆಸರಿಟ್ಟನು. ಇತ್ತೀಚೆಗೆ, 2011ರಲ್ಲಿ, ಇದನ್ನು ಪಾಲಿಫಾಗೊಜೆರಾ ಎಂಬ ಬೇರೆ ಜಾತಿಗೆ ವರ್ಗಾಯಿಸಲಾಗಿದೆ. ಕೈಪಿಡಿಗಳಲ್ಲಿ ಹಳೆಯ ಹೆಸರೇ ಹೆಚ್ಚಾಗಿ ಕಾಣುವುದರಿಂದ ಎರಡನ್ನೂ ತಿಳಿದಿರುವುದು ಒಳ್ಳೆಯದು. 'ಕಾಫಿಯೇ' ಎಂದರೆ ಕಾಫಿಯದು ಎಂದರ್ಥ. ಆದರೆ ಹೆಸರನ್ನು ನಂಬಿ, "ನಮ್ಮಲ್ಲಿ ಕಾಫಿಯೇ ಇಲ್ಲ, ಆ ಹುಳು ಎಲ್ಲಿಂದ ಬರಬೇಕು" ಎಂದು ಕೂರುವಂತಿಲ್ಲ. ಚಹಾ, ಕೋಕೋ, ತೇಗ, ಗಂಧ ಎಲ್ಲವೂ ಇದಕ್ಕೆ ಆಹಾರ. ಹೊಸ ಹೆಸರಿನ ಮೊದಲರ್ಧದ ಅರ್ಥವೇ 'ಹಲವನ್ನು ತಿನ್ನುವುದು'. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ಹೆದರುವ ಬಿಳಿ ಕಾಂಡಕೊರಕವು ಇದಲ್ಲ; ಅದು ಪತಂಗವಲ್ಲ, ದುಂಬಿ.

ಕೆಂಪು ಕೊರಕದ ಪತಂಗ ಬಿಳಿ. ರೆಕ್ಕೆಯ ತುಂಬ ಶಾಯಿ ಸಿಡಿಸಿದಂತೆ ಕಪ್ಪುನೀಲಿ ಚುಕ್ಕೆಗಳು. ಗಂಡಿನ ಮೀಸೆಯ ಬುಡದ ಅರ್ಧ ಗರಿಯಂತೆ, ತುದಿ ಬರಿಯ ದಾರದಂತೆ ಇರುತ್ತದೆ. ಪತಂಗಕ್ಕೆ ತಿನ್ನಲು ಬಾಯಿಯೇ ಬೆಳೆದಿರುವುದಿಲ್ಲ. ಕೆಲವೇ ದಿನ ಬದುಕಿ, ನೂರಾರು ಮೊಟ್ಟೆಯಿಟ್ಟು ಸಾಯುತ್ತದೆ. ಆಗತಾನೇ ಹೊರಬಂದ ಮರಿಗಳು ನೂಲಿಗೆ ಜೋತುಬಿದ್ದು ಗಾಳಿಯಲ್ಲಿ ತೇಲಿ ಬೇರೆ ಗಿಡಕ್ಕೂ ಹೋಗುತ್ತವೆ. ಮೊದಲು ಎಳೆಯ ಕಡ್ಡಿಯನ್ನು ಹೊಕ್ಕು, ಬೆಳೆದಂತೆ ದಪ್ಪ ಕೊಂಬೆ, ಕಾಂಡಗಳಿಗೆ ಇಳಿಯುತ್ತವೆ. ಬೆಳೆದ ಹುಳು ಕೆಂಪಗೆ, ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ ಇರುತ್ತದೆ. ತಲೆ ಮತ್ತು ಕತ್ತಿನ ಮೇಲಿನ ಫಲಕ ಕಂದುಗಪ್ಪು. ಕೋಶಾವಸ್ಥೆಯೂ ಸುರಂಗದಲ್ಲೇ ಕಳೆಯುತ್ತದೆ. ಕೋಶದ ಮೈಮೇಲೆ ಮುಳ್ಳಿನ ಸಾಲುಗಳಿದ್ದು, ಅವುಗಳ ಸಹಾಯದಿಂದ ಅದು ತೂತಿನ ಬಾಯಿಯವರೆಗೆ ಜರುಗುತ್ತದೆ. ಪತಂಗ ಹಾರಿದ ಮೇಲೆ ಖಾಲಿ ಸಿಪ್ಪೆ ಅರ್ಧ ಹೊರಗೆ ಚಾಚಿಕೊಂಡಿರುತ್ತದೆ. ಇಂತಹ ಸಿಪ್ಪೆ ಕಂಡ ತೂತಿಗೆ ಔಷಧಿ ಹಾಕುವುದು ಕಳ್ಳ ಹೋದ ಮೇಲೆ ಬಾಗಿಲು ಹಾಕಿದಂತೆ.

ಹತ್ತಿರದ ನೆಂಟ, ದೂರದ ನೆಂಟ

ತೊಗಟೆ ತಿನ್ನುವ ಹುಳು, ಅಂದರೆ ಇಂಡಾರ್ಬೆಲಾ, ಮೆಟಾರ್ಬೆಲಿಡೇ ಕುಟುಂಬದ್ದು. ಇದು ಕಾಸಿಡೇಗೆ ಹತ್ತಿರದ ನೆಂಟ. ಹಿಂದೆ ಕೆಲವು ವಿಜ್ಞಾನಿಗಳು ಇದನ್ನು ಅದರೊಳಗೇ ಸೇರಿಸಿದ್ದರು. ಆದರೆ ನಡತೆ ಬೇರೆ. ಕೊಂಬೆಯ ಕವಲಿನಲ್ಲಿ ಗಿಡ್ಡ ಸುರಂಗ ಮಾಡಿ ಹಗಲೆಲ್ಲ ಅಡಗಿದ್ದು, ರಾತ್ರಿ ಹೊರಬಂದು ತೊಗಟೆ ಕೆರೆದು ತಿನ್ನುತ್ತದೆ. ನೂಲು, ಹಿಕ್ಕೆ, ತೊಗಟೆಚೂರು ಸೇರಿಸಿ ಹೆಣೆದ ಪಟ್ಟಿಯ ಮರೆಯಲ್ಲೇ ಓಡಾಡುತ್ತದೆ. ಸರ್ವೆ ಮತ್ತು ಸೀಬೆ ಮರಗಳು ಇದಕ್ಕೆ ಬಹಳ ಇಷ್ಟ. ಗಂಧ ಅರೆಪರಾವಲಂಬಿ ಮರವಾದ್ದರಿಂದ ಅದರ ಪಕ್ಕ ಆಸರೆ ಗಿಡವಾಗಿ ಇವೇ ಎರಡನ್ನು ನೆಡುವವರೂ ಇದ್ದಾರೆ! ಅಂಥವರು ಗಂಧಕ್ಕಿಂತ ಮೊದಲು ಆಸರೆ ಗಿಡದ ಕವಲುಗಳನ್ನು ನೋಡಬೇಕು.

ಮೂರನೆಯದು ಹೆಪಿಯಾಲಿಡೇ. ಪಶ್ಚಿಮಘಟ್ಟದಲ್ಲಿ ತೇಗದ ಸಸಿ ಕೊರೆಯುವ ಹುಳು ಈ ಕುಟುಂಬದ್ದು. 1879ರಲ್ಲಿ ಮೂರ್ ಇದನ್ನು ಫ್ಯಾಸಸ್ ಮಲಬಾರಿಕಸ್ ಎಂದು ಕರೆದನು. 1941ರಲ್ಲಿ ಆಸ್ಟ್ರೇಲಿಯಾದ ಟಿಂಡೇಲ್ ಹೊಸ ಜಾತಿಯೊಂದನ್ನು ರಚಿಸಿ, ಸಹ್ಯಾದ್ರಿಯ ಹೆಸರಿನಿಂದಲೇ ಸಹ್ಯಾಡ್ರಾಸಸ್ ಎಂದು ಕರೆದನು. ಇದೂ ಕಾಂಡ ಕೊರೆಯುತ್ತದೆ ಎಂದು ಕಾಸಿಡೇ ಸಂಬಂಧಿ ಎನ್ನಲಾಗದು. ಮುಂದಿನ ರೆಕ್ಕೆ, ಹಿಂದಿನ ರೆಕ್ಕೆಗಳ ನರಗಳು ಒಂದೇ ತೆರನಾಗಿರುವ ಇದು ಪತಂಗಗಳಲ್ಲಿ ಬಹು ಪುರಾತನ ಕವಲು. ಹೆಣ್ಣು ಹಾರುತ್ತಲೇ ಮೊಟ್ಟೆಗಳನ್ನು ನೆಲಕ್ಕೆ ಚೆಲ್ಲುತ್ತದೆ. ಮರಿ ಸಸಿಯನ್ನು ಕೊರೆದು, ತೂತಿನ ಬಾಯಿಗೆ ನೂಲು-ಹಿಕ್ಕೆಯ ದಪ್ಪ ಮುಚ್ಚಳ ಹೆಣೆದು, ಅದರಡಿ ಬಾಯಿಯ ಸುತ್ತ ಉಬ್ಬಿ ಬರುವ ಎಳೆ ತೊಗಟೆಯನ್ನು ತಿನ್ನುತ್ತದೆ. ಸುತ್ತಲಿನ ಪೊದೆ, ಕಳೆಗಿಡಗಳಲ್ಲೂ ಇದು ಬೆಳೆಯುವುದರಿಂದ ಅವನ್ನು ಸವರದೆ ತೇಗಕ್ಕೆ ಮಾತ್ರ ಉಪಚಾರ ಮಾಡಿದರೆ ಸಾಲದು.

ಗುರುತು ಮತ್ತು ಹತೋಟಿ

ಮರದ ಬುಡವನ್ನು ಗುಡಿಸಿ ಮಾರನೆಯ ಬೆಳಗ್ಗೆ ನೋಡಬೇಕು. ಗುಂಡುಗುಂಡಾದ, ಗಟ್ಟಿ ಕೊಳವೆಯಾಕಾರದ ಹಿಕ್ಕೆ ಬಿದ್ದಿದ್ದರೆ ಕೆಂಪು ಕೊರಕ. ತೊಗಟೆಯ ಮೇಲೆ ಉದ್ದನೆಯ ನೂಲುಪಟ್ಟಿ ಇದ್ದರೆ ಇಂಡಾರ್ಬೆಲಾ. ನಾರುನಾರಾದ ಮರದ ಹೊಟ್ಟು ಉದುರಿದ್ದರೆ ಅದು ಉದ್ದಮೀಸೆಯ ದುಂಬಿಯ ಮರಿಯಿರಬಹುದು. ಹುಳುವನ್ನು ಹೊರತೆಗೆದರೆ ಸಂಶಯ ಉಳಿಯದು: ಪತಂಗದ ಮರಿಗೆ ಎದೆಯಲ್ಲಿ ಮೂರು ಜೊತೆ ಕಾಲುಗಳೂ ಹೊಟ್ಟೆಯಡಿ ಮೊಂಡು ಕಾಲುಗಳೂ ಇರುತ್ತವೆ, ದುಂಬಿಯ ಮರಿಗೆ ಹೊಟ್ಟೆಯಡಿ ಕಾಲೇ ಇರುವುದಿಲ್ಲ.

ಕೆಂಪು ಕೊರಕ ಬಿದ್ದ ಕಡ್ಡಿ ಬಾಡುತ್ತದೆ. ಅದನ್ನು ಸುರಂಗ ಮುಗಿದು ಗಟ್ಟಿ ಮರ ಕಾಣುವವರೆಗೆ ಕತ್ತರಿಸಿ ಸುಡಬೇಕು. ಈ ಹಂತದಲ್ಲಿ ಹಿಡಿದರೆ ಕಾಂಡ ಉಳಿಯುತ್ತದೆ. ಕಾಂಡಕ್ಕೇ ಇಳಿದಿದ್ದರೆ ತಂತಿ ತೂರಿಸಿ ಹುಳುವನ್ನು ಚುಚ್ಚಿ ಕೊಲ್ಲಬೇಕು. ತಂತಿಗೆ ಸಿಗದಿದ್ದರೆ ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯನ್ನು ತುರುಕಿ, ಹಸಿ ಜೇಡಿಮಣ್ಣಿನಿಂದ ತೂತು ಮುಚ್ಚಬೇಕು. ಇಂಡಾರ್ಬೆಲಾ ಆದರೆ ಮೊದಲು ನೂಲುಪಟ್ಟಿಯನ್ನು ಗುಡಿಸಿ ತೆಗೆದು, ಆಮೇಲೆ ಇದೇ ಉಪಚಾರ ಮಾಡಬೇಕು. ಹಳೆಯ ಪುಸ್ತಿಕೆಗಳಲ್ಲಿ ಈ ಕೆಲಸಕ್ಕೆ ಡೈಕ್ಲೋರ್ವಾಸ್ ಹೇಳಿದ್ದರೆ ಅದನ್ನು ಕೈಬಿಡಬೇಕು. ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ಅದನ್ನು ನಿಷೇಧಿಸಲಾಗಿದೆ.

ಮುಚ್ಚಿದ ತೂತನ್ನು ವಾರದ ನಂತರ ಪರೀಕ್ಷಿಸಬೇಕು. ಮಣ್ಣು ಒಡೆದು ಹೊಸ ಹಿಕ್ಕೆ ಬಿದ್ದಿದ್ದರೆ ಹುಳು ಬದುಕಿದೆ, ಮತ್ತೆ ಉಪಚಾರ ಬೇಕು. ಗುರುತು ಹತ್ತದಿದ್ದರೆ ಹುಳುವಿರುವ ಕೊಂಬೆಯ ತುಂಡನ್ನೇ ಗಾಳಿಯಾಡುವ ಡಬ್ಬಿಯಲ್ಲಿಟ್ಟು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬಹುದು. ಪ್ರಭೇದದ ಖಚಿತ ಗುರುತು ಸಿಗುವುದು ಪತಂಗದಿಂದ. ಆದ್ದರಿಂದ ಹುಳುವನ್ನು ಕೊಲ್ಲದೆ, ಊರು ಮತ್ತು ಮರದ ಹೆಸರು, ಸಿಕ್ಕಿದ ದಿನಾಂಕ ಬರೆದ ಚೀಟಿಯೊಂದಿಗೆ ಕಳುಹಿಸಬೇಕು.